ಟಯರಿನ ಗೆರೆಯಾಚೆ

ನಮ್ಮ ಮನೆಯ ಮಂಚದ ಕೆಳಗೆ ಎರಡು ಚೀಲಗಳಿದ್ದವು. ಒಂದು ಅಮ್ಮನದು, ಇನ್ನೊಂದು ಅಪ್ಪನದು. ಅಮ್ಮನ ಚೀಲದಲ್ಲಿ ಪಾಸ್‌ಪೋರ್ಟ್‌ಗಳ ನಕಲು, ಅಪ್ಪನ ಡಿಪ್ಲೊಮಾ ಸರ್ಟಿಫಿಕೇಟು, ಕಾಲುಚೀಲದೊಳಗೆ ಸುತ್ತಿಟ್ಟ ನಾಲ್ಕು ಬಳೆ, ಟಾರ್ಚು, ಒಂದು ಪೊಟ್ಟಣ ಅವಲಕ್ಕಿ ಮತ್ತು ನನ್ನದೊಂದು ಸ್ವೆಟರ್ ಇರುತ್ತಿತ್ತು. ಕೊಲ್ಲಿ ಯುದ್ಧದ ವರ್ಷ ನಾವು ಬಸ್ಸಿನಲ್ಲಿ ಮರುಭೂಮಿ ದಾಟಿ ಅಮ್ಮಾನ್ ನಗರಕ್ಕೆ ಹೋಗಿ, ಅಲ್ಲಿಂದ ವಿಮಾನ ಹತ್ತಿ ಊರು ಸೇರಿದ್ದೆವಂತೆ. ನನಗಾಗ ಮೂರು ವರ್ಷ, ಏನೂ ನೆನಪಿಲ್ಲ. ಎಲ್ಲ ಮುಗಿದ ಮೇಲೆ ಅಪ್ಪನ ಕಂಪನಿಯವರು ಮತ್ತೆ ಕರೆದರು, ನಾವು ಮತ್ತೆ ಬಂದೆವು. ಅಪ್ಪ ಇನ್ನೇನೂ ಹೆದರಿಕೆಯಿಲ್ಲ ಅಂದರು. ಅಮ್ಮ ಚೀಲ ತುಂಬಿ ಮಂಚದ ಕೆಳಗೆ ತಳ್ಳಿದಳು. ವರ್ಷಕ್ಕೊಮ್ಮೆ ಅವಲಕ್ಕಿ ಹೊಸದಾಗುತ್ತಿತ್ತು, ಟಾರ್ಚಿನ ಬ್ಯಾಟರಿ ಹೊಸದಾಗುತ್ತಿತ್ತು, ಸ್ವೆಟರ್ ಮಾತ್ರ ಅದೇ. ಒಂಬತ್ತನೇ ವರ್ಷದಲ್ಲಿ ಅದನ್ನು ಕದ್ದು ತೆಗೆದು ಮೈಮೇಲೆ ಹಿಡಿದು ನೋಡಿದ್ದೆ, ಹೊಕ್ಕುಳಿನವರೆಗೂ ಬರುತ್ತಿರಲಿಲ್ಲ. ಇನ್ನೊಮ್ಮೆ ಓಡಬೇಕಾಗಿ ಬಂದರೆ ನಾನು ಚಳಿಯಲ್ಲೇ ಓಡಬೇಕು ಎಂದು ತೀರ್ಮಾನಿಸಿಕೊಂಡೆ. ಅಮ್ಮನಿಗೆ ಹೇಳಬಹುದಿತ್ತು. ಆದರೆ ಹೇಳಿದರೆ ಓಡುವ ದಿನ ಬೇಗ ಬಂದುಬಿಡುತ್ತದೆ ಎಂದು ನನಗೆ ಅನಿಸುತ್ತಿತ್ತು. ನಾನು ಅಂಥ ಮಗು.

ಅಪ್ಪನ ಚೀಲದಲ್ಲಿ ಕ್ರಿಕೆಟ್ ಸಾಮಾನು. ಮೂರು ಬ್ಯಾಟು, ವಿಕೆಟ್ ಕೀಪರಿನ ಗ್ಲೌಸು, ಕೆಂಪು ಟೇಪಿನ ಸುರುಳಿಗಳು, ಆರು ಹೊಸ ಟೆನಿಸ್ ಬಾಲು. ಅಪ್ಪ ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಕಾಂಟ್ರಾಕ್ಟ್ ಕಂಪನಿಯ ಟೆಕ್ನಿಶಿಯನ್ ಆಗಿದ್ದರು, ಶುಕ್ರವಾರ ಮಾತ್ರ ಕ್ಯಾಪ್ಟನ್. ಅಬು ಹಲೀಫಾದ ನಮ್ಮ ಕಟ್ಟಡ ಮತ್ತು ಹಿಂದಿನ ಎರಡು ಕಟ್ಟಡಗಳ ಮಂಗಳೂರು-ಉಡುಪಿ ಕಡೆಯವರೆಲ್ಲ ಸೇರಿ ಕಟ್ಟಿದ ತಂಡ ಅದು. ನಮ್ಮ ಮನೆಮಾತು ತುಳು, ಎದುರು ಮನೆಯ ಲಿಲ್ಲಿ ಆಂಟಿಯದು ಕೊಂಕಣಿ, ಬೌಲರ್ ಹಮೀದ್ ಭಾಯಿಯದು ಬ್ಯಾರಿ. ಎಲ್ಲರೂ ಸೇರಿದಾಗ ಮಂಗಳೂರು ಕನ್ನಡ. ನಮ್ಮ ಮನೆಯೊಳಗಿನ ತುಳು ಮಾತನ್ನೂ ಇಲ್ಲಿ ಅದೇ ಕನ್ನಡದಲ್ಲಿ ಬರೆದಿದ್ದೇನೆ. ಚಳಿಗಾಲದ ಶುಕ್ರವಾರ ಬೆಳಿಗ್ಗೆ ಆರಕ್ಕೆ ಹೊರಟರೆ ಹನ್ನೊಂದರ ಒಳಗೆ, ಮಸೀದಿಯ ನಮಾಜಿನ ಹೊತ್ತಿಗೆ ಮೊದಲು ಆಟ ಮುಗಿಯಬೇಕು. ಆಮೇಲೆ ಹನ್ನೆರಡೂ ಜನ ನಮ್ಮ ಹಾಲ್‌ನಲ್ಲಿ ಪೇಪರ್ ಹಾಸಿ ಕೂತು ಕೋಳಿಸಾರಿನೊಂದಿಗೆ ಗರಿಗರಿ ಕೋರಿ ರೊಟ್ಟಿ ತಿನ್ನುತ್ತಿದ್ದರು. ಗೆದ್ದ ದಿನ ರೊಟ್ಟಿ ಮುರಿಯುವ ಸದ್ದು ಜೋರು, ಸೋತ ದಿನ ಸಾರಿಗೆ ಖಾರ ಹೆಚ್ಚಾಯಿತೆಂದು ಅಮ್ಮನ ಮೇಲೆ ದೂರು. ಬಾಲ್ಕನಿಯಲ್ಲಿ ನಿಂತರೆ ಒಂದು ಕಡೆ ಕಡಲಿನ ಒಂದು ಪಟ್ಟಿ, ಇನ್ನೊಂದು ಕಡೆ ದೂರದಲ್ಲಿ ರಿಫೈನರಿಯ ಬೆಂಕಿ ಕಾಣುತ್ತಿತ್ತು. ಊರಲ್ಲಿ ಕಡಲಿಗೆ ಇಳಿಯುವ ಸೂರ್ಯ ಇಲ್ಲಿ ಕಡಲಿನಿಂದ ಏಳುತ್ತಾನೆ ಎನ್ನುವುದು ಅಮ್ಮನಿಗೆ ಕೊನೆಯವರೆಗೂ ಸರಿ ಬರಲಿಲ್ಲ. ಇದೊಂದು ತಿರುಗಾಮುರುಗಾ ಊರು, ಇಲ್ಲಿ ಏನು ಬೇಕಾದರೂ ಆಗಬಹುದು ಎನ್ನುತ್ತಿದ್ದಳು.

ಗ್ರೌಂಡು ಫಹಾಹೀಲ್ ದಾಟಿ ಒಳಗೆ, ಒಂದು ಗೋಡೌನಿನ ಹಿಂದಿನ ಬರೀ ಮರಳು. ಒಂದು ಕಡೆ ರಸ್ತೆ, ಎರಡು ಕಡೆ ಗೋಡೌನುಗಳ ಬೇಲಿ. ನಾಲ್ಕನೇ ಕಡೆಗೆ ಬಿಳಿ ಬಣ್ಣ ಬಳಿದ ಹಳೆಯ ಟಯರುಗಳ ಸಾಲು, ಅದೇ ಬೌಂಡರಿ. ಟಯರಿನ ಆಚೆ ಏನೂ ಇರಲಿಲ್ಲ. ಏನೂ ಇಲ್ಲ ಎಂದರೆ ಮರಳು, ತುಕ್ಕು ಹಿಡಿದ ಒಂದು ಕಂಬ, ಕಂಬದಲ್ಲಿ ತಲೆಬುರುಡೆಯ ಚಿತ್ರ. ಟಯರಿನವರೆಗೆ ಯುದ್ಧದ ಮದ್ದುಗುಂಡು ಹುಡುಕುವವರು ಬಂದು ಸೋಸಿ ಹೋಗಿದ್ದಾರೆ, ಅದರಾಚೆ ಸೋಸಿದ್ದಾರೋ ಇಲ್ಲವೋ ಸರಿಯಾಗಿ ಗೊತ್ತಿಲ್ಲ ಎಂದು ಯಾರೋ ಹೇಳಿದ್ದರು. ಆ ಯಾರೋ ಯಾರೆಂದು ನಾನು ಎಷ್ಟೋ ಸಲ ಕೇಳಿದ್ದೇನೆ, ಯಾರಿಗೂ ಗೊತ್ತಿರಲಿಲ್ಲ. ನಮ್ಮ ಶಾಲೆಯ ಮೆಟ್ಟಿಲ ಬಳಿ ಒಂದು ಪೋಸ್ಟರ್ ಇತ್ತು. ಅದರಲ್ಲಿ ಬಿಸ್ಕೆಟ್ ಡಬ್ಬಿಯಂಥದ್ದು, ಪೆನ್ನಿನಂಥದ್ದು, ಚೆಂಡಿನಂಥದ್ದು, ಹೀಗೆ ಹತ್ತು ಚಿತ್ರ. ಮರಳಲ್ಲಿ ಕಂಡರೆ ಮುಟ್ಟಬೇಡಿ, ಹಿಂದಿರುಗಿ ಬನ್ನಿ ಎಂದು ಬರೆದಿತ್ತು. ಬೇರೆ ಮಕ್ಕಳು ಮಗ್ಗಿ ಕಲಿತ ಹಾಗೆ ನಾನು ಆ ಹತ್ತು ಚಿತ್ರ ಕಲಿತಿದ್ದೆ. ಅಂಥ ಜಾಗದಲ್ಲಿ ಕ್ರಿಕೆಟ್ ಆಡಿದಿರಾ ಎಂದು ಈಗ ನನ್ನ ಮಗ ನಂಬದೆ ಕೇಳುತ್ತಾನೆ. ಹೌದು, ಆಡಿದೆವು. ಜಾಗ ಬಿಟ್ಟಿ ಸಿಕ್ಕಿತ್ತು, ಯಾರೂ ಓಡಿಸುತ್ತಿರಲಿಲ್ಲ, ವಾರವಿಡೀ ಕಂಪನಿ ಹೇಳಿದ ಹಾಗೆ ಕೇಳಿದ ಗಂಡಸರಿಗೆ ಅಲ್ಲಿ ಕಿರುಚಬಹುದಿತ್ತು.

ಬಾಲು ಆಗಾಗ ಟಯರಿನಾಚೆ ಹೋಗುತ್ತಿತ್ತು. ಆಗ ಸೇಸಪ್ಪಣ್ಣ ಏಳುತ್ತಿದ್ದರು.

ಸೇಸಪ್ಪಣ್ಣ ನಮ್ಮ ತಂಡದ ಹನ್ನೆರಡನೆಯವರು. ನಲವತ್ತು ದಾಟಿದ ಮನುಷ್ಯ, ಎಣ್ಣೆ ಟ್ಯಾಂಕುಗಳಿಗೆ ಬಣ್ಣ ಬಳಿಯುವ ಕಂಪನಿಯಲ್ಲಿ ಪೇಂಟರ್, ವಾಸ ಫಹಾಹೀಲಿನ ಕಂಪನಿ ಕ್ಯಾಂಪಿನಲ್ಲಿ. ಆ ಟಯರುಗಳಿಗೆ ಬಿಳಿ ಬಣ್ಣ ಹಚ್ಚಿದ್ದೂ ಅವರೇ. ಬ್ಯಾಟು ಹಿಡಿದರೆ ಹಾರೆ ಹಿಡಿದ ಹಾಗೆ ಕಾಣುತ್ತಿತ್ತು, ಓಡಿದರೆ ಲಿಲ್ಲಿ ಆಂಟಿ ನಗು ತಡೆಯಲಾರದೆ ಸೆರಗು ಬಾಯಿಗಿಡುತ್ತಿದ್ದರು. ನಾನು ಕಂಡಂತೆ ಎರಡು ವರ್ಷದಲ್ಲಿ ಒಂದೇ ಒಂದು ಮ್ಯಾಚು ಆಡಿದ್ದರು, ಅದೂ ಹಮೀದ್ ಭಾಯಿಗೆ ಜ್ವರ ಬಂದಾಗ. ಆದರೂ ಪ್ರತಿ ಶುಕ್ರವಾರ ಎಲ್ಲರಿಗಿಂತ ಮೊದಲು ಬಂದು ಟಾರ್ಪಾಲು ಕಟ್ಟಿ, ನೀರಿನ ಡ್ರಮ್ಮು ಇಟ್ಟು, ಒಂದು ಹಲಗೆಯ ಮೇಲೆ ಕೂತುಬಿಡುತ್ತಿದ್ದರು. ಅವರ ಹತ್ತಿರ ಪೇಂಟಿಂಗಿನ ರೋಲರು ಸಿಕ್ಕಿಸುವ ಉದ್ದದ ಅಲ್ಯುಮಿನಿಯಂ ಕೋಲೊಂದಿತ್ತು. ಅದರ ತುದಿಗೆ ನನ್ನ ಅಮ್ಮನ ತೂತಿನ ಸೌಟು ಕಟ್ಟಿರುತ್ತಿದ್ದರು. ಟಯರಿನಾಚೆ ಯಾವಾಗಲೋ ಒಂದು ಜೀಪು ಹೋದ ಚಕ್ರದ ಗುರುತು ಗಟ್ಟಿಯಾಗಿ ಉಳಿದಿತ್ತು, ಅದರ ಮೇಲಷ್ಟೇ ಕಾಲಿಟ್ಟು ನಡೆದುಹೋಗಿ, ನಿಂತಲ್ಲಿಂದಲೇ ಕೋಲು ಚಾಚಿ ಸೌಟಿನಲ್ಲಿ ಬಾಲನ್ನು ಎತ್ತಿಕೊಳ್ಳುತ್ತಿದ್ದರು. ಬೇರೆ ಬಾಲು ತೆಗೆದರೆ ಆಯಿತಲ್ಲ ಎಂದು ಯಾರೂ ಕೇಳುತ್ತಿರಲಿಲ್ಲ. ಟೇಪು ಸುತ್ತಿ ನಾಲ್ಕು ಓವರು ತಿಂದ ಬಾಲು ಹಮೀದ್ ಭಾಯಿಯ ಕೈಯಲ್ಲಿ ತಿರುಗುವ ಹಾಗೆ ಹೊಸದು ತಿರುಗುವುದಿಲ್ಲ ಎನ್ನುವುದು ಒಂದು ಮಾತು. ತರುವವರು ಇದ್ದಾರಲ್ಲ ಎನ್ನುವುದು ನಿಜವಾದ ಮಾತು.

ಅವರು ಟಯರು ದಾಟಿದ ಕೂಡಲೇ ಟಾರ್ಪಾಲಿನ ಕೆಳಗೆ ಹೆಂಗಸರು ಮಕ್ಕಳೆಲ್ಲ ಎದ್ದು ನಿಲ್ಲುತ್ತಿದ್ದರು. ಲಿಲ್ಲಿ ಆಂಟಿ ಶುರು ಮಾಡುತ್ತಿದ್ದರು. ಒಂದು, ಎರಡು, ಮೂರು. ಎಲ್ಲರೂ ದನಿ ಸೇರಿಸುತ್ತಿದ್ದರು. ಇಂಗ್ಲಿಷಿನಲ್ಲೇ ಮಾತಾಡುವ ಮಕ್ಕಳು ಕನ್ನಡದ ಅಂಕಿಗಳನ್ನು ಕಲಿತದ್ದೇ ಸೇಸಪ್ಪಣ್ಣನ ಹೆಜ್ಜೆಗಳಿಂದ. ನಲವತ್ತು ದಾಟಿದರೆ ಸಿಳ್ಳೆ, ಬಾಲು ಸೌಟಿಗೆ ಬಿದ್ದರೆ ಚಪ್ಪಾಳೆ. ಅವರು ವಾಪಸು ಬಂದು ಬಾಲನ್ನು ಎಸೆದು, ನಮ್ಮ ಕಡೆ ತಿರುಗಿ ಒಂದು ಸಲ್ಯೂಟ್ ಹೊಡೆದು ಹಲಗೆಯ ಮೇಲೆ ಕೂರುತ್ತಿದ್ದರು. ಸಿಕ್ಸರಿಗಿಂತ ನಮಗೆ ಇದೇ ದೊಡ್ಡ ಆಟ. ನಾನೂ ಎಣಿಸುತ್ತಿದ್ದೆ, ಆದರೆ ಕಣ್ಣು ಮುಚ್ಚಿಕೊಂಡು. ಪ್ರತಿ ಅಂಕಿಗೂ ಮುಂದಿನ ಅಂಕಿ ಬರುವುದಿಲ್ಲವೇನೋ ಎಂದು ಅನಿಸುತ್ತಿತ್ತು.

ಒಂದು ಭಾನುವಾರ ಸಂಜೆ ಸೇಸಪ್ಪಣ್ಣ ಮನೆಗೆ ಬಂದರು. ಶುಕ್ರವಾರ ಬಿಟ್ಟು ಬೇರೆ ದಿನ ಬಂದವರೇ ಅಲ್ಲ. ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು, ಸೋಫಾದ ತುದಿಯಲ್ಲಿ ಕೂತು, ಪೇಪರಿನಲ್ಲಿ ಸುತ್ತಿದ ಒಂದು ವಸ್ತುವನ್ನು ಅಮ್ಮನ ಕೈಗೆ ಕೊಟ್ಟರು. ತೂತಿನ ಸೌಟು. ಬೂದಿ ಹಾಕಿ ತಿಕ್ಕಿದ ಹಾಗೆ ಫಳಫಳ ಹೊಳೆಯುತ್ತಿತ್ತು. ಅಪ್ಪ ಅವರಿಗಿಂತ ಕಿರಿಯರಾದರೂ ಕ್ಯಾಪ್ಟನ್ ಆದ್ದರಿಂದ ಅವರು ಅಪ್ಪನನ್ನು ಅಣ್ಣ ಎಂದೇ ಕರೆಯುತ್ತಿದ್ದರು.

“ವಿಠಲಣ್ಣ, ನಾನು ಇನ್ನು ಸಾಲ್ಮಿಯಾದವರ ಟೀಮಿಗೆ ಹೋಗ್ತೇನೆ.”

“ಎಂತ? ಅವರು ಆಡ್ಲಿಕ್ಕೆ ಕರೆದ್ರಾ ನಿಮ್ಮನ್ನು?”

“ಇಲ್ಲ ಇಲ್ಲ. ಅಲ್ಲಿ ಕೂಡ ನಾನು ಹನ್ನೆರಡನೆಯವನೇ.”

“ಮತ್ತೆ ಎಂತ ಕಥೆ ನಿಮ್ಮದು? ಇಲ್ಲಿ ಯಾರಾದ್ರೂ ಎಂತಾದ್ರೂ ಹೇಳಿದ್ರಾ?”

“ಯಾರೂ ಎಂತ ಹೇಳ್ಲಿಲ್ಲ. ಹಾಗೇ. ಹೋಗುವ ಅಂತ ಕಂಡ್ತು.”

ಚಹಾ ಅರ್ಧ ಕುಡಿದು ಎದ್ದರು. ನನ್ನ ತಲೆ ಸವರಿ ಹೋದರು. ಅಪ್ಪ ಬಹಳ ಹೊತ್ತು ಟೀವಿ ಹಾಕದೆ ಕೂತರು. ಅವರಿಗೆ ಸಿಟ್ಟಿಗಿಂತ ಹೆಚ್ಚಾಗಿ ಅವಮಾನವಾಗಿತ್ತು. ದೊಡ್ಡ ಬ್ಯಾಟ್ಸ್‌ಮನ್ ಬಿಟ್ಟುಹೋದರೆ ಅದಕ್ಕೊಂದು ಅರ್ಥವಿದೆ, ಬೇರೆ ತಂಡದಲ್ಲೂ ಸುಮ್ಮನೆ ಕೂರುವುದಕ್ಕೆಂದೇ ಒಬ್ಬ ಬಿಟ್ಟುಹೋಗುತ್ತಾನೆ ಎಂದರೆ ನಮ್ಮಲ್ಲಿ ಕೂರುವುದಕ್ಕೂ ಆಗಲಿಲ್ಲ ಎಂದಂತೆ.

ಮರುದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ಮೂರೂ ಕಟ್ಟಡಗಳಿಗೆ ಸುದ್ದಿ ಮುಟ್ಟಿತ್ತು. ಲಿಲ್ಲಿ ಆಂಟಿ ನಮ್ಮ ಅಡುಗೆಮನೆಯಲ್ಲೇ ಠಿಕಾಣಿ ಹೂಡಿದ್ದರು. ಅವರ ಗಂಡ ತಂಡದ ವಿಕೆಟ್ ಕೀಪರ್, ಆದರೆ ತಂಡ ತಮ್ಮದೇ ಎಂಬ ಹಾಗೆ ಅವರ ವರ್ತನೆ.

“ಬೆಂಚಲ್ಲಿ ಕೂತ್ಕೊಳ್ಳಿಕ್ಕೆ ಸಾಲ್ಮಿಯಾಕ್ಕೆ ಹೋಗ್ಬೇಕಾ ಇವರಿಗೆ? ನಮ್ಮ ಬೆಂಚಿಗೆ ಎಂತ ಆಗಿದೆ? ಎಷ್ಟು ರೊಟ್ಟಿ ತಿಂದಿದ್ದಾರೆ ಈ ಮನೆಯಲ್ಲಿ! ಮೀನು ಫ್ರೈ ಮಾಡಿದ್ರೆ ಫಸ್ಟ್ ಅವರಿಗೆ ತೆಗೆದಿಡ್ತಾ ಇದ್ದೆ ನಾನು. ಥ್ಯಾಂಕ್ಸ್ ಅಂತ ಒಂದು ಮಾತು ಇಲ್ಲ, ಖಲಾಸ್, ಸೌಟು ಕೊಟ್ಟು ಹೋದದ್ದು!”

ಹಾಲ್‌ನ ಗೋಡೆಯ ಮೇಲೆ ತಂಡದ ಫೋಟೋ ಇತ್ತು. ಸೇಸಪ್ಪಣ್ಣ ಅಂಚಿನಲ್ಲಿ ನಿಂತಿದ್ದರಿಂದ ಕತ್ತರಿಯಲ್ಲಿ ಒಂದೇ ಏಟಿಗೆ ತೆಗೆಯಬಹುದು ಎಂದು ಲಿಲ್ಲಿ ಆಂಟಿ ಸಲಹೆ ಕೊಟ್ಟರು. ಅಮ್ಮ ಬೇಡ ಅಂದಳು. ಕೊನೆಗೆ ಸೂಪರ್ ಮಾರ್ಕೆಟಿನ ಕ್ಯಾಲೆಂಡರನ್ನು ಅದರ ಮೊಳೆಯಿಂದ ತೆಗೆದು ಫೋಟೋದ ಅಂಚು ಮುಚ್ಚುವ ಹಾಗೆ ತೂಗುಹಾಕಿದರು. ಫೋಟೋದಲ್ಲಿ ಹನ್ನೊಂದು ಜನ ಉಳಿದರು. ಇದನ್ನೆಲ್ಲ ಈಗ ನೆನೆದರೆ ನಗು ಬರುತ್ತದೆ. ಆಗ ನಾನು ಬಾಗಿಲ ಬಳಿ ನಿಂತು ಬೇರೆಯೇ ಲೆಕ್ಕ ಹಾಕುತ್ತಿದ್ದೆ. ಅವರು ಹೋದರೆ ಬಾಲು ಯಾರು ತರುತ್ತಾರೆ?

ಆ ಪ್ರಶ್ನೆ ದೊಡ್ಡವರಿಗೂ ಬಂತು, ಸ್ವಲ್ಪ ತಡವಾಗಿ. ಮಂಗಳವಾರ ತಂಡದವರು ನಮ್ಮ ಮನೆಯಲ್ಲಿ ಸೇರಿದರು. ಹಮೀದ್ ಭಾಯಿ ತನಗೆ ಮೂರು ಮಕ್ಕಳು ಅಂದರು. ಲಿಲ್ಲಿ ಆಂಟಿಯ ಗಂಡ ತನ್ನ ಮೊಣಕಾಲಿನ ವಿಷಯ ಎತ್ತಿದರು. ಒಬ್ಬ ಹೊಸ ಹುಡುಗ ಬಾಯಿ ತೆರೆದ, ಅವನ ಅಣ್ಣ ಅವನ ತೊಡೆ ಚಿವುಟಿದ. ಯಾರೂ ಹೆದರಿಕೆ ಎಂಬ ಶಬ್ದ ಆಡಲಿಲ್ಲ. ಅಪ್ಪ ಎಲ್ಲರನ್ನೂ ಒಮ್ಮೆ ನೋಡಿ, ಆಯ್ತು ಮಾರಾಯ್ರೆ, ಕ್ಯಾಪ್ಟನ್ ನಾನಲ್ವಾ, ನಾನೇ ಹೋಗ್ತೇನೆ ಅಂದರು. ಎಲ್ಲರೂ ಒಮ್ಮೆಲೇ ಬೇಡ ಬೇಡ ಅಂದರು, ಆದರೆ ಯಾರೂ ಎರಡನೇ ಸಲ ಅನ್ನಲಿಲ್ಲ. ಅವರು ಹೋದ ಮೇಲೆ ಅಮ್ಮ ಅನ್ನದ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದಳು.

“ಒಂದು ರಬ್ಬರ್ ಚೆಂಡಿಗೋಸ್ಕರ ನನ್ನ ಕುಂಕುಮ ಅಳಿಸ್ತೀರಾ ನೀವು? ಈ ಮಗುವನ್ನು ಕಟ್ಕೊಂಡು ನಾನು ಎಲ್ಲಿಗೆ ಹೋಗ್ಲಿ?”

“ಅಲ್ಲಿ ಎಂತ ಇಲ್ಲ ಮಾರಾಯ್ತಿ. ಇದ್ದಿದ್ರೆ ಇಷ್ಟರಲ್ಲಿ ಗೊತ್ತಾಗ್ತಾ ಇರ್ಲಿಲ್ವಾ?”

“ಹೇಗೆ ಗೊತ್ತಾಗುದು? ಯಾರ ಕಾಲು ಹೋದ್ರೆ ಗೊತ್ತಾಗುದು?”

“ಸೇಸಪ್ಪಣ್ಣ ಹೋಗುವಾಗ ನಿಂಗೆ ಇದು ಹೊಳೀಲಿಲ್ಲ ಅಲ್ವಾ? ಲಿಲ್ಲಿಯ ಒಟ್ಟಿಗೆ ನಿಂತು ನೀನು ಕೂಡ ಎಣಿಸ್ತಾ ಇದ್ದದ್ದಲ್ವಾ?”

ಆ ದಿನ ನಾವು ಮೂವರೂ ತಟ್ಟೆ ನೋಡಿಕೊಂಡು ಉಂಡೆವು. ಸೌಟು ಒಲೆಯ ಮೇಲಿನ ಮೊಳೆಯಲ್ಲಿ ನೇತಾಡುತ್ತಿತ್ತು, ಅಪ್ಪ ಅದನ್ನು ತೆಗೆದು ತನ್ನ ಕ್ರಿಕೆಟ್ ಚೀಲಕ್ಕೆ ಹಾಕಿಕೊಂಡರು. ಕೋಲನ್ನು ಸೇಸಪ್ಪಣ್ಣ ಗೋಡೌನಿನ ಬೇಲಿಯಲ್ಲೇ ಸಿಕ್ಕಿಸಿಟ್ಟು ಹೋಗಿದ್ದರು.

ಬುಧವಾರ ಶಾಲೆಯಲ್ಲಿ ಆ ಪೋಸ್ಟರಿನ ಮುಂದೆ ನಿಂತು ಹತ್ತೂ ಚಿತ್ರಗಳಿಗೆ ಅಪ್ಪನ ಕಾಲನ್ನು ಹೊಂದಿಸಿ ನೋಡಿದೆ. ಊಟದ ಡಬ್ಬಿ ತೆರೆಯದೆ ವಾಪಸು ತಂದೆ. ಅಮ್ಮ ಹಣೆ ಮುಟ್ಟಿ ನೋಡಿ ಜ್ವರವಿಲ್ಲ ಎಂದಳು, ಅಷ್ಟಕ್ಕೇ ಬಿಟ್ಟಳು. ಅವಳ ಕಣ್ಣೂ ಕೆಂಪಾಗಿತ್ತು. ಮಧ್ಯಾಹ್ನ ಅವಳು ಮಂಚದ ಕೆಳಗಿನ ತನ್ನ ಚೀಲ ಎಳೆದು ಅವಲಕ್ಕಿ ಬದಲಾಯಿಸುತ್ತಿದ್ದಳು. ಅವಲಕ್ಕಿ ಬದಲಾಯಿಸುವ ತಿಂಗಳು ಅದಲ್ಲ. ಅಮ್ಮ ಹೆದರಿದ್ದಾಳೆ ಎಂದರೆ ನಿಜವಾಗಿಯೂ ಏನೋ ಆಗಲಿದೆ.

ಗುರುವಾರ ಶಾಲೆಗೆ ರಜೆ. ಅಪ್ಪ ಓವರ್‌ಟೈಮಿಗೆ ಹೋಗಿದ್ದರು, ಮಧ್ಯಾಹ್ನ ಅಮ್ಮ ಲಿಲ್ಲಿ ಆಂಟಿಯ ಮನೆಗೆ ಹೋದಳು. ಫೋನಿನ ಪಕ್ಕದ ಪುಸ್ತಕದಲ್ಲಿ ಸೇಸಪ್ಪಣ್ಣನ ಕ್ಯಾಂಪಿನ ನಂಬರಿತ್ತು. ಅಲ್ಲಿ ಫೋನು ಇರುವುದು ಮೆಸ್ಸಿನಲ್ಲಿ. ಯಾರೋ ಎತ್ತಿ, ಕೌನ್ ಚಾಹಿಯೇ ಎಂದು ಗದರಿಸಿದರು. ನಾನು ಹೆಸರು ಹೇಳಿದೆ. ಅವರು ಬರುವವರೆಗೆ ಪಾತ್ರೆಗಳ ಸದ್ದು ಕೇಳುತ್ತಾ ನಿಂತೆ.

“ಸೇಸಪ್ಪ ಅಂಕಲ್, ನಾಳೆ ಅಪ್ಪ ಹೋಗ್ತಾರಂತೆ. ಬಾಲ್ ತರ್ಲಿಕ್ಕೆ.”

“ಯಾರು, ವಿಠಲಣ್ಣನಾ? ಯಾಕೆ? ಬಾಲ್ ಬೇರೆ ಇಲ್ವಾ?”

“ಗೊತ್ತಿಲ್ಲ. ನೀವು ಯಾಕೆ ಹೋದದ್ದು ಅಂಕಲ್? ಎಲ್ರಿಗೂ ನಿಮ್ಮ ಮೇಲೆ ಸಿಟ್ಟು.”

ಅವರು ದನಿ ತಗ್ಗಿಸಿದರು. ಮೆಸ್ಸಿನಲ್ಲಿ ಬೇರೆಯವರೂ ಇದ್ದಿರಬೇಕು.

“ಅಲ್ಲಿ ಗೋಡೆ ಉಂಟು ಮಗಾ. ಶಾಲೆ ಗ್ರೌಂಡ್ ಅದು, ಸುತ್ತ ಗೋಡೆ. ಬಾಲ್ ಎಷ್ಟು ಜೋರು ಹೊಡೆದ್ರೂ ಗೋಡೆಗೆ ಬಡಿದು ಅದೇ ವಾಪಸ್ ಬರ್ತದೆ. ಯಾರೂ ಹೋಗ್ಬೇಕಂತ ಇಲ್ಲ.”

“ನಿಮಗೆ ಹೆದರಿಕೆ ಆಗ್ತದಾ?”

“ಗುರುವಾರ ಮಧ್ಯಾಹ್ನದಿಂದಲೇ ನಂಗೆ ಅನ್ನ ಗಂಟಲಲ್ಲಿ ಇಳಿಯುದಿಲ್ಲ ಮಗಾ. ನೀವೆಲ್ಲ ಅಲ್ಲಿಂದ ಎಣಿಸ್ತೀರಿ ಅಲ್ವಾ, ನಾನು ಕೂಡ ಎಣಿಸ್ತೇನೆ. ಊರಲ್ಲಿ ನಂಗೆ ಒಬ್ಬಳು ಮಗಳು ಇದ್ದಾಳೆ, ನಿನ್ನಷ್ಟೇ. ಅವಳ ಮುಖ ಬರ್ತದೆ ಎದುರು. ಇಷ್ಟು ದಿನ ಯಾರಿಗೂ ಹೇಳ್ಲಿಲ್ಲ. ಆ ಟೀಮಲ್ಲಿ ನಂಗೆ ಇದ್ದದ್ದೇ ಅದೊಂದು ಕೆಲಸ. ಅದಕ್ಕೂ ಹೆದರ್ತೇನೆ ಅಂತ ಹೇಳುದು ಹೇಗೆ?”

ಇಲ್ಲಿಗೆ ನಾನು ಫೋನು ಇಡಬೇಕಿತ್ತು. ಒಂಬತ್ತು ವರ್ಷದ ಹುಡುಗಿಗೂ ಅಷ್ಟು ತಿಳಿಯುತ್ತದೆ, ನನಗೆ ತಿಳಿದಿತ್ತು. ನನ್ನ ಹಾಗೆಯೇ ಹೆದರುವ ಇನ್ನೊಬ್ಬ ಮನುಷ್ಯ ನನಗೆ ಮೊದಲ ಸಲ ಸಿಕ್ಕಿದ್ದರು. ನಾನು ಅಳತೊಡಗಿದೆ. ಸುಳ್ಳು ಅಳುವಲ್ಲ, ಆದರೆ ಜೋರಾಗಿ ಅತ್ತರೆ ಏನಾಗುತ್ತದೆ ಎಂದು ಗೊತ್ತಿದ್ದೇ ಅತ್ತೆ.

“ಅಪ್ಪನಿಗೆ ದಾರಿ ಗೊತ್ತಿಲ್ಲ ಅಂಕಲ್. ನಿಮಗೆ ಗೊತ್ತುಂಟು. ನಾಳೆ ಒಂದು ಸಲ ಬನ್ನಿ ಅಂಕಲ್. ಪ್ಲೀಸ್ ಅಂಕಲ್. ಒಂದೇ ಸಲ.”

“ಅಳ್ಬೇಡ ಮಗಾ.”

“ಬರ್ತೀರಾ?”

“ಆಯ್ತು. ಅಳ್ಬೇಡ.”

ಫೋನು ಇಟ್ಟು ಮುಖ ತೊಳೆದುಕೊಂಡೆ. ಆಮೇಲೆ ಅಡುಗೆಮನೆಗೆ ಹೋಗಿ ಬ್ರೆಡ್ಡಿಗೆ ಜಾಮು ಹಚ್ಚಿಕೊಂಡು ಒಂದರ ಮೇಲೊಂದು ನಾಲ್ಕು ತುಂಡು ತಿಂದೆ. ಆ ಹಸಿವನ್ನು ನಾನು ಇಂದಿಗೂ ಮರೆತಿಲ್ಲ.

ಶುಕ್ರವಾರ ಬೆಳಿಗ್ಗೆ ಗಾಳಿ ಕೊರೆಯುತ್ತಿತ್ತು. ಟಾರ್ಪಾಲನ್ನು ಕಟ್ಟಲು ನಾಲ್ಕು ಜನರಿಗೆ ಅರ್ಧ ಗಂಟೆ ಹಿಡಿಯಿತು, ಸೇಸಪ್ಪಣ್ಣ ಒಬ್ಬರೇ ಕಟ್ಟುತ್ತಿದ್ದುದನ್ನು ಯಾರೂ ನೆನಪಿಸಲಿಲ್ಲ. ನಾನು ರಸ್ತೆಯನ್ನೇ ನೋಡುತ್ತಿದ್ದೆ. ಎದುರು ತಂಡದವರು ಬ್ಯಾಟಿಂಗಿಗೆ ಇಳಿದು ಮೂರು ಓವರಾದ ಮೇಲೆ ಅವರು ಕಂಡರು. ಬಸ್ಸಿಳಿದು ನಡೆದು ಬರುತ್ತಿದ್ದರು, ಮೈಮೇಲೆ ಸಾಲ್ಮಿಯಾ ತಂಡದ ನೀಲಿ ಅಂಗಿ. ಅವರ ಹತ್ತಿರ ಬೆಚ್ಚಗಿನ ಬೇರೆ ಅಂಗಿ ಇರಲಿಲ್ಲವೇನೋ.

“ಓ, ಬಂದ್ರು ನೋಡಿ ಸಾಲ್ಮಿಯಾದ ಸಾಹೇಬ್ರು!” ಎಂದು ಲಿಲ್ಲಿ ಆಂಟಿ ಕೂಗಿದರು. “ಬೆಂಚ್ ಬೇಕಾ ಸಾಹೇಬ್ರೆ? ಖಾಲಿ ಉಂಟು!”

ಎಲ್ಲರೂ ನಕ್ಕರು. ಅವರು ಹಲಗೆಯ ಹತ್ತಿರ ಬರಲಿಲ್ಲ, ದೂರದ ಒಂದು ಸಿಮೆಂಟ್ ಇಟ್ಟಿಗೆಯ ಮೇಲೆ ಕೂತರು. ನನ್ನ ಕಡೆ ನೋಡಲಿಲ್ಲ. ಬಾಲು ಆ ಕಡೆ ಹೋಗದಿರಲಿ ಎಂದು ನಾನು ಗೊತ್ತಿದ್ದ ದೇವರಿಗೆಲ್ಲ ಹೇಳಿಕೊಂಡೆ, ಲಿಲ್ಲಿ ಆಂಟಿಯ ಚರ್ಚಿನ ಮಾತೆಗೂ ಹೇಳಿಕೊಂಡೆ. ಏಳನೇ ಓವರಿನಲ್ಲಿ ಹೋಯಿತು. ನಮ್ಮೆಲ್ಲರ ತಲೆಯ ಮೇಲಿಂದ, ಟಯರು ದಾಟಿ, ಆ ತಲೆಬುರುಡೆಯ ಕಂಬಕ್ಕಿಂತ ಸ್ವಲ್ಪ ಈಚೆಗೆ ಬಿತ್ತು. ಟಾರ್ಪಾಲಿನ ಕೆಳಗೆ ಎರಡು ವರ್ಷದಲ್ಲಿ ಮೊದಲ ಬಾರಿಗೆ ಯಾರೂ ಎದ್ದು ನಿಲ್ಲಲಿಲ್ಲ, ಯಾರೂ ಎಣಿಸಲು ಸಿದ್ಧರಾಗಲಿಲ್ಲ. ಅಪ್ಪ ಬೇಲಿಯಿಂದ ಕೋಲು ತೆಗೆದು, ಸೌಟನ್ನು ಟೇಪಿನಲ್ಲಿ ಸುತ್ತುತ್ತಾ ಟಯರಿನ ಕಡೆ ನಡೆದರು. ಅಮ್ಮ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಉಗುರು ನಾಟಿತು.

ಸೇಸಪ್ಪಣ್ಣ ಎದ್ದರು. ನಿಧಾನವಾಗಿ ಹೋಗಿ ಅಪ್ಪನ ಕೈಯಿಂದ ಕೋಲು ತೆಗೆದುಕೊಂಡರು. ಅಪ್ಪ ಏನೋ ಅಂದರು, ಅವರು ತಲೆಯಾಡಿಸಿದರು. ಅಷ್ಟೇ ಸಾಕಾಯಿತು. ಟಾರ್ಪಾಲಿನ ಕೆಳಗೆ ಜೀವ ಬಂತು. ಲಿಲ್ಲಿ ಆಂಟಿ ಚಪ್ಪಾಳೆ ತಟ್ಟಿ, ನಾನು ಹೇಳ್ಲಿಲ್ವಾ, ನಮ್ಮನ್ನು ಬಿಟ್ಟು ಇರ್ಲಿಕ್ಕೆ ಆಗುದಿಲ್ಲ ಅವರಿಗೆ ಅಂದರು. ಅಮ್ಮನ ಕೈ ಸಡಿಲವಾಯಿತು. ಸೇಸಪ್ಪಣ್ಣ ತಿರುಗಿ ನನ್ನನ್ನು ಕೈಸನ್ನೆ ಮಾಡಿ ಕರೆದರು. ಅಪ್ಪ ಸುತ್ತಿದ ಟೇಪು ನಿಲ್ಲುತ್ತಿರಲಿಲ್ಲ, ಬಿಚ್ಚಿ ಕಟ್ಟಲು ಸೌಟು ಹಿಡಿದುಕೊಳ್ಳಲು ಒಬ್ಬರು ಬೇಕಿತ್ತು. ನಾನು ಟಯರಿನ ಪಕ್ಕ ನಿಂತು ಸೌಟು ಹಿಡಿದೆ. ಅವರು ದಾರ ಸುತ್ತಿದರು. ದಾರ ಗಂಟಿಗೆ ಸಿಗುತ್ತಿರಲಿಲ್ಲ. ಎತ್ತರದ ಟ್ಯಾಂಕುಗಳ ಮೇಲೆ ಹಗ್ಗ ಬಿಗಿದು ನಿಲ್ಲುವ ಮನುಷ್ಯನ ಬೆರಳುಗಳು ನನ್ನ ಕಣ್ಣ ಮುಂದೆ ನಡುಗುತ್ತಿದ್ದವು. ಅಷ್ಟು ಚಳಿಯಲ್ಲಿ ಅವರ ಮೇಲ್ದುಟಿಯ ಮೇಲೆ ಬೆವರಿತ್ತು. ಸಾಕು ಅಂಕಲ್, ಹೋಗಬೇಡಿ ಎನ್ನಲು ನನಗೆ ಬಾಯಿತ್ತು. ಅಪ್ಪ ನಮ್ಮ ಪಕ್ಕದಲ್ಲೇ ನಿಂತಿದ್ದರು, ನಾನು ಹಾಗೆ ಹೇಳಿದರೆ ಹೋಗುವವರು ಅವರು. ನಾನು ಹೇಳಲಿಲ್ಲ.

ಅವರು ಟಯರು ದಾಟಿದರು. ಹಿಂದಿನಿಂದ ಎಲ್ಲರೂ ಒಟ್ಟಿಗೆ ಶುರು ಮಾಡಿದರು. ಒಂದು, ಎರಡು, ಮೂರು. ಅಮ್ಮನ ದನಿಯೂ ಅದರಲ್ಲಿತ್ತು, ನನಗೆ ಗುರುತು ಸಿಕ್ಕಿತು. ಅಷ್ಟು ಹತ್ತಿರದಲ್ಲಿ ನಿಂತು ನಾನು ಮೊದಲ ಸಲ ಕಣ್ಣು ತೆರೆದು ನೋಡಿದೆ. ಪ್ರತಿ ಹೆಜ್ಜೆ ಇಡುವ ಮೊದಲು ಅವರ ಕಾಲು ಗಾಳಿಯಲ್ಲಿ ಒಂದು ಕ್ಷಣ ನಿಲ್ಲುತ್ತಿತ್ತು. ದೂರದಿಂದ ಅದು ಠೀವಿಯ ನಡಿಗೆಯಂತೆ ಕಾಣುತ್ತಿತ್ತು, ಅದಕ್ಕೇ ನಾವು ಸಿಳ್ಳೆ ಹೊಡೆಯುತ್ತಿದ್ದೆವು. ಅಪ್ಪನೂ ಅದನ್ನೇ ನೋಡುತ್ತಿದ್ದರು. ಇಪ್ಪತ್ತರ ಹೊತ್ತಿಗೆ ಅಪ್ಪ ಹಿಂದೆ ತಿರುಗಿ, ಸಾಕು ನಿಲ್ಲಿಸಿ ಎಂದು ಕೈ ಬೀಸಿದರು. ಯಾರಿಗೂ ಅರ್ಥವಾಗಲಿಲ್ಲ, ಇನ್ನೂ ಜೋರಾಗಿ ಎಣಿಸಿದರು. ನಲವತ್ತಾರಕ್ಕೆ ಅವರು ನಿಂತು ಕೋಲು ಚಾಚಿದರು. ಬಾಲು ಸೌಟಿನಿಂದ ಎರಡು ಸಲ ಜಾರಿತು, ಮೂರನೇ ಸಲ ಕೂತಿತು. ಅಲ್ಲಿಂದ ಅದೇ ಗುರುತಿನ ಮೇಲೆ ಹೆಜ್ಜೆ ಇಡುತ್ತಾ ವಾಪಸು ಬಂದರು. ಏನೂ ಆಗಲಿಲ್ಲ. ಅಲ್ಲಿ ಯಾವತ್ತೂ ಏನೂ ಆಗಲಿಲ್ಲ.

ಈ ಸಲ ಅವರು ಸಲ್ಯೂಟ್ ಹೊಡೆಯಲಿಲ್ಲ. ಬಾಲನ್ನು ಅಪ್ಪನ ಕೈಗೆ ಕೊಟ್ಟರು. ಅಪ್ಪ ಅವರ ಕೈ ಹಿಡಿದುಕೊಂಡರು, ಹಿಡಿದ ಮೇಲೆ ಆ ನಡುಕ ಅವರಿಗೂ ತಿಳಿದಿರಬೇಕು. ಸೇಸಪ್ಪಣ್ಣ ಸೌಟು ಬಿಚ್ಚಿ ನನಗೆ ಕೊಡುವಾಗ ಬಗ್ಗಿ, ನನಗೆ ಮಾತ್ರ ಕೇಳುವ ಹಾಗೆ ಅಂದರು:

“ಇನ್ನು ಫೋನ್ ಮಾಡ್ಬೇಡ ಆಯ್ತಾ ಮಗಾ. ನೀನು ಕರೆದ್ರೆ ನಂಗೆ ಬರುದಿಲ್ಲ ಅಂತ ಹೇಳ್ಲಿಕ್ಕೆ ಆಗುದಿಲ್ಲ.”

ಊಟಕ್ಕೆ ಕರೆದರೂ ನಿಲ್ಲಲಿಲ್ಲ. ರಸ್ತೆಯವರೆಗೆ ನಡೆದು, ಬಸ್ಸು ಬರುವವರೆಗೆ ಬೆನ್ನು ಹಾಕಿ ನಿಂತರು. ನಾನು ಅವರನ್ನು ಕೊನೆಯದಾಗಿ ಕಂಡದ್ದು ಹಾಗೆ. ಆ ದಿನ ನಮ್ಮ ತಂಡ ಗೆದ್ದಿತು. ಹಾಲ್‌ನಲ್ಲಿ ರೊಟ್ಟಿ ಮುರಿಯುವ ಸದ್ದು ಜೋರಾಗಿತ್ತು, ಎಲ್ಲರೂ ಸೇಸಪ್ಪಣ್ಣನ ಪ್ರೀತಿಯನ್ನು ಹೊಗಳಿದ್ದೇ ಹೊಗಳಿದ್ದು. ಅಮ್ಮ ಸೌಟು ತೊಳೆದು ಅದರಲ್ಲೇ ಹಪ್ಪಳ ಕರಿದು ಬಡಿಸಿದಳು. ಎಲ್ಲರೂ ಹೋದ ಮೇಲೆ ಅಪ್ಪ ಫೋಟೋದ ಮುಂದಿನ ಕ್ಯಾಲೆಂಡರನ್ನು ತೆಗೆದು ಹಳೆಯ ಮೊಳೆಗೆ ಹಾಕಿದರು. ನಾನು ಫೋನು ಮಾಡಿದ್ದನ್ನು ಅವರಿಗೆ ಹೇಳಲಿಲ್ಲ. ಅವರು ತೀರಿಕೊಳ್ಳುವವರೆಗೂ ಹೇಳಲಿಲ್ಲ.

ಮುಂದಿನ ಶುಕ್ರವಾರ ಎರಡನೇ ಓವರಿನಲ್ಲೇ ಬಾಲು ಟಯರಿನಾಚೆ ಹೋಯಿತು. ಅಪ್ಪ ಟಯರಿನ ಕಡೆ ಒಂದು ಕ್ಷಣ ನೋಡಿ, “ಹೋಗ್ಲಿ ಬಿಡಿ, ಬೇರೆ ತೆಗೀರಿ,” ಅಂದರು. ಯಾರೂ ವಾದ ಮಾಡಲಿಲ್ಲ. ಎದುರು ತಂಡದವರೂ ತಲೆಯಾಡಿಸಿದರು. ಹಮೀದ್ ಭಾಯಿ ಚೀಲದಿಂದ ಹೊಸ ಬಾಲು ತೆಗೆದು, ಟೇಪು ಸುತ್ತಿ, ತೊಡೆಗೆ ಉಜ್ಜಿಕೊಂಡು ಓಡಿ ಬಂದು ಎಸೆದರು. ನಮ್ಮ ಮಂಚದ ಕೆಳಗೆ ಎಷ್ಟೋ ದಿನಗಳಿಂದ ಬಿದ್ದಿದ್ದ ಆರು ಬಾಲುಗಳಲ್ಲಿ ಅದು ಒಂದು. ಆಟ ಒಂದು ನಿಮಿಷವೂ ನಿಂತಿರಲಿಲ್ಲ.